ಲಕೋಟೆಯ ಕೌಲು

ಆ ಕಪಾಟಿನ ಬೀಗದ ಕೈ ನನ್ನ ಸೆರಗಿನ ತುದಿಯ ಗಂಟಿನಲ್ಲಿರುತ್ತಿತ್ತು. ಮನೆಗೆ ಬಂದ ಮೇಲೆ ಅದು ದಿಂಬಿನ ಕೆಳಗೆ ಹೋಗುತ್ತಿತ್ತು. ನಮ್ಮವ್ವ ಅದನ್ನು ನೋಡಿದಾಗಲೆಲ್ಲ, “ಏನ ಖಜಾನಿ ಇಟ್ಟೀಯವಾ ಅದರಾಗ?” ಎಂದು ನಗುತ್ತಿದ್ದಳು. ಖಜಾನೆ ಏನೂ ಇರಲಿಲ್ಲ. ಕಂದು ಬಣ್ಣದ ಲಕೋಟೆಗಳಿದ್ದವು, ಅಷ್ಟೇ. ಒಂದೊಂದರ ಮೇಲೂ ಒಂದೊಂದು ಅಂಕಿ, ಬಾಯಿಗೆ ಅರಗಿನ ಮುದ್ರೆ. ಒಳಗೆ ಒಂದು ಸಣ್ಣ ಚೀಟಿ. ಆ ಚೀಟಿಯಲ್ಲಿ ಏನಿದೆ ಎಂದು ನನಗೂ ಗೊತ್ತಿರಲಿಲ್ಲ, ನಮ್ಮ ಡಾಕ್ಟರಿಗೂ ಗೊತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಬೆಳಗಾವಿಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನಾನು ದಾಖಲೆ ಬರೆಯುವ ಕೆಲಸಕ್ಕಿದ್ದೆ. ಅಕ್ಷರ ದುಂಡಗಿದೆ ಎಂದು ಕೆಲಸ ಸಿಕ್ಕಿತು. ಸಿಟ್ಟು ಮೂಗಿನ ಮೇಲೆ ಇದೆ ಎಂದು ಆಮೇಲೆ ಅವರಿಗೆ ತಿಳಿಯಿತು. ನನ್ನ ರಜಿಸ್ಟರಿನಲ್ಲಿ ಯಾರಾದರೂ ನನ್ನ ಕೆಂಪು ಪೆನ್ಸಿಲ್ಲಿನ ಗೆರೆ ದಾಟಿ ಬರೆದರೆ, ದೊಡ್ಡ ಡಾಕ್ಟರಾದರೂ ಬಿಡುತ್ತಿರಲಿಲ್ಲ. “ಇದು ನಿಮ್ಮ ಕೋಣೆ ಅಲ್ಲರಿ, ನನ್ನ ಕಾಲಮ್” ಎಂದುಬಿಡುತ್ತಿದ್ದೆ. ಹಿಂದಿನಿಂದ ನರ್ಸ್‌ಗಳು ನನ್ನನ್ನು ಹೆಡ್‌ಮಾಸ್ತರಬಾಯಿ ಎನ್ನುತ್ತಿದ್ದರಂತೆ. ಎನ್ನಲಿ. ಗೆರೆ ಗೆರೆಯೇ.

ಆ ಲಕೋಟೆಗಳು ಬಂದದ್ದು ಮುಂಬೈಯಿಂದ. ಮಕ್ಕಳಿಗೆ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಹೊಸ ಚಿಕಿತ್ಸೆಯೊಂದನ್ನು ಅಲ್ಲಿಯ ದೊಡ್ಡ ಆಸ್ಪತ್ರೆ ಪರೀಕ್ಷೆ ಮಾಡುತ್ತಿತ್ತು. ನಮ್ಮಂಥ ಕೆಲವು ಊರುಗಳ ಆಸ್ಪತ್ರೆಗಳನ್ನೂ ಜೊತೆಗೆ ಸೇರಿಸಿಕೊಂಡಿತ್ತು. ಆ ರೋಗಕ್ಕೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಮೊಳದುದ್ದದ ಹೆಸರು. ಅದನ್ನು ನಾನು ತಪ್ಪಿಲ್ಲದೆ ಒಂದೇ ಉಸಿರಿನಲ್ಲಿ ಹೇಳುತ್ತೇನೆ ಎಂಬುದು ಆಗ ನನಗೆ ದೊಡ್ಡ ಹೆಮ್ಮೆ. ಆದರೆ ಆ ಹೆಸರಿನ ಹಿಂದಿನ ಹೆದರಿಕೆಯೂ ನನಗೆ ಗೊತ್ತಿತ್ತು. ಎಪ್ಪತ್ತರ ದಶಕದಲ್ಲಿ ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ನಮ್ಮ ಓಣಿಯ ಒಬ್ಬ ಹುಡುಗಿಗೆ ಇದೇ ರೋಗ ಬಂದಿತ್ತು. ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದವಳು. ಆಗಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದಿದ್ದರು. ಆ ಮಾತಿನ ಅರ್ಥ ನನಗೆ ಆರು ವಾರಗಳ ಮೇಲೆ ತಿಳಿಯಿತು. ಹಾಗಾಗಿ, ಈಗ ಇದಕ್ಕೆ ಔಷಧ ಇದೆ, ಮಕ್ಕಳು ಉಳಿಯುತ್ತಿದ್ದಾರೆ ಎಂದು ನಮ್ಮ ಡಾಕ್ಟರು ಹೇಳಿದ ದಿನ ನಾನು ಮೇಜಿನ ಕೆಳಗೆ ಕೈಮುಗಿದದ್ದು ಸುಳ್ಳಲ್ಲ.

ಚಿಕಿತ್ಸೆಯ ಮೊದಲ ಭಾಗ ಎಲ್ಲ ಮಕ್ಕಳಿಗೂ ಒಂದೇ. ವಾರಕ್ಕೊಂದು ಸೂಜಿ, ಬೆನ್ನಿಗೆ ಸೂಜಿ, ದಿನಾ ಗುಳಿಗೆ. ರಕ್ತದಲ್ಲಿ, ಎಲುಬಿನ ಮಜ್ಜೆಯಲ್ಲಿ ರೋಗ ಕಾಣದಂತಾದ ಮೇಲೆ ಎರಡನೆಯ ಭಾಗ. ಅದು ವರ್ಷಗಟ್ಟಲೆ ನಡೆಯುವಂಥದು. ದಿನಾ ಒಂದು ಗುಳಿಗೆ, ವಾರಕ್ಕೊಮ್ಮೆ ಇನ್ನೊಂದು ಬಗೆಯವು. ಪ್ರಶ್ನೆ ಇದ್ದದ್ದು ಇಲ್ಲಿ. ಈ ಗುಳಿಗೆಗಳಷ್ಟೇ ಸಾಕೋ, ಅಥವಾ ಅದರ ಜೊತೆಗೆ ತಿಂಗಳಿಗೊಂದು ಸೂಜಿ ಮತ್ತು ಐದು ದಿನ ಬೇರೊಂದು ಗುಳಿಗೆ ಸೇರಿಸಿದರೆ ಹೆಚ್ಚು ಒಳ್ಳೆಯದೋ? ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಪರೀಕ್ಷೆ. ಯಾವ ಮಗುವಿಗೆ ಯಾವುದು ಎಂಬುದನ್ನು ಡಾಕ್ಟರು ತಮ್ಮ ಮನಸ್ಸಿಗೆ ಬಂದಂತೆ ಆರಿಸಬಾರದು. ಆರಿಸಿದರೆ ಮುದ್ದಿನ ಮಗುವಿಗೆ ಒಂದು, ಹಟಮಾರಿಗೆ ಒಂದು ಆದೀತು. ಅದಕ್ಕೇ ಲಕೋಟೆ. ಮಗು ಬಂದ ಸರದಿಯಂತೆ ಮುಂದಿನ ಅಂಕಿಯ ಲಕೋಟೆ ಒಡೆಯಬೇಕು. ಒಳಗೆ ಬಂದದ್ದು ಬಂತು.

ಇದನ್ನು ಮನೆಯವರಿಗೆ ತಿಳಿಸಿ ಹೇಳುವುದಿತ್ತಲ್ಲ, ಅದು ಬೆನ್ನಿಗೆ ಸೂಜಿ ಹಾಕುವುದಕ್ಕಿಂತ ಕಷ್ಟದ ಕೆಲಸ. ನಮ್ಮ ಡಾಕ್ಟರು ಮೈಸೂರು ಕಡೆಯವರು, ಬಲು ಒಳ್ಳೆಯ ಮನುಷ್ಯ. ಮಾತಾಡಿದರೆ ಮಾತ್ರ ಪಠ್ಯಪುಸ್ತಕ ಓದಿದ ಹಾಗಿರುತ್ತಿತ್ತು. “ನೋಡಿ, ಇವೆರಡರಲ್ಲಿ ಯಾವುದು ಉತ್ತಮ ಎಂಬುದು ನಮಗೆ ತಿಳಿದಿಲ್ಲ” ಎಂದು ಪ್ರಾಮಾಣಿಕವಾಗಿ ಶುರುಮಾಡುತ್ತಿದ್ದರು. ಎದುರಿಗೆ ಕೂತವರ ಮುಖ ಅಲ್ಲೇ ಕಪ್ಪಿಡುತ್ತಿತ್ತು.

ಖಾನಾಪುರದಿಂದ ಆ ಹುಡುಗಿ ಬಂದಳು. ಎಂಟು ವರ್ಷ, ಎರಡು ಜಡೆ, ಬಿಳಿಚಿದ ಮುಖ, ಕಾಲಮೇಲೆಲ್ಲ ನೀಲಿ ಕಲೆ. ಅಪ್ಪ ಅಲ್ಲಿಯ ಹಂಚಿನ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಅವ್ವ ಬಾಣಂತಿ. ಹೀಗಾಗಿ ವಾರ್ಡಿನಲ್ಲಿ ಹುಡುಗಿಯ ಜೊತೆ ಇರಲು ಬಂದವಳು ಅವಳ ಅಜ್ಜಿ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಎರಡೇ ದಿನದಲ್ಲಿ ಅವಳು ವಾರ್ಡಿಗೆಲ್ಲ ಆಯಿ ಆದಳು. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಎಲೆಯಡಿಕೆಯ ಚೀಲ. ಗಂಟಲು ಎಂಥದೆಂದರೆ ಅವಳು ವಾರ್ಡಿನ ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಯ ಮಗು ಎಚ್ಚರಾಗುತ್ತಿತ್ತು.

ಮೊದಲ ತಿಂಗಳು ಚೆನ್ನಾಗಿ ಕಳೆಯಿತು. ಹುಡುಗಿಯ ಕೂದಲು ಉದುರಿತು, ಆದರೆ ಹಸಿವು ಹೆಚ್ಚಾಯಿತು. ಮೊದಲ ಭಾಗದ ಗುಳಿಗೆಯೊಂದಕ್ಕೆ ಆ ಗುಣವಿತ್ತು. ತಗೊಂಡ ಮಕ್ಕಳು ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದರು. ಮೂರು ರೊಟ್ಟಿ, ಝುಣಕ, ಮೇಲೆ ಶೇಂಗಾ ಚಟ್ನಿ, ಅದು ಮುಗಿದ ಅರ್ಧ ತಾಸಿಗೆ, “ಆಯಿ, ಇನ್ನೇನ ಐತಿ?” ಹುಡುಗಿಯ ಗಲ್ಲ ಉಬ್ಬಿ ಮುಖ ದುಂಡಗಾಯಿತು. ಅದು ಗುಳಿಗೆಯ ಬಾವು ಎಂದು ಡಾಕ್ಟರು ಎಷ್ಟು ಹೇಳಿದರೂ ಆಯಿಯ ತಲೆಗೆ ಹೋಗಲಿಲ್ಲ. “ನೋಡ್ರಿ, ನಮ್ಮ ಕೂಸ ಹೆಂಗ ತುಂಬಕೊಂಡೈತಿ! ಈ ಗುಳಿಗಿ ಜಲ್ಮಪೂರ್ತಿ ಕೊಡ್ರಿ” ಎಂದು ಅವರ ಬೆನ್ನು ಹತ್ತಿದ್ದಳು. ಮಜ್ಜೆಯ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಆ ದಿನ ಆಯಿ ವಾರ್ಡಿನ ಪ್ರತಿ ಮಂಚಕ್ಕೂ ಹೋಗಿ ಸಕ್ಕರೆ ಹಂಚಿದಳು. ನನ್ನ ರಜಿಸ್ಟರಿನ ಮೇಲೂ ನಾಲ್ಕು ಕಾಳು ಬಿದ್ದವು. ಬೈಯಲಿಲ್ಲ.

ಮುಂದಿನ ಸೋಮವಾರ ಲಕೋಟೆಯ ಮಾತು ಬಂತು. ಹುಡುಗಿಯ ಅಪ್ಪ ಖಾನಾಪುರದಿಂದ ಬಂದು ಕೂತ, ಪಕ್ಕದಲ್ಲಿ ಆಯಿ. ಸಹಿ ಅಪ್ಪನದು, ತೀರ್ಮಾನ ಆಯಿಯದು ಎಂಬುದು ಅವರು ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಡಾಕ್ಟರು ಎಂದಿನಂತೆ, ಯಾವುದು ಉತ್ತಮವೋ ನಮಗೆ ತಿಳಿದಿಲ್ಲ ಎಂದರು.

ಆಯಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. “ಗೊತ್ತಿಲ್ಲಂದ್ರ ಮತ್ತ ಇಷ್ಟ ವರ್ಷ ಏನ ಕಲತ್ರಿ ಡಾಕ್ಟರ್‌ಸಾಹೇಬ್ರ?”

ಡಾಕ್ಟರು ಮತ್ತೆ ಮೊದಲಿನಿಂದ ಶುರುಮಾಡಿದರು. ಎರಡು ಗುಂಪು, ಹೋಲಿಕೆ, ಪಕ್ಷಪಾತ. ಆಯಿಯ ಹುಬ್ಬು ಮೇಲೇರುತ್ತಲೇ ಇತ್ತು. ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸತೊಡಗಿದ. ಇವರು ಎದ್ದು ಹೋಗಿಬಿಡುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಆಗ ನಾನು ಬಾಯಿ ಹಾಕಿದೆ. ನನ್ನ ತಾಯಿಯ ತವರು ಖಾನಾಪುರದ ಕಡೆಯೇ, ಆ ಕಡೆಯ ರೀತಿನೀತಿ ನನಗೆ ಗೊತ್ತು. ಅಲ್ಲಿ ದೊಡ್ಡ ಕೆಲಸಕ್ಕೆ ಮುನ್ನ ದೇವಿಯ ಗುಡಿಯಲ್ಲಿ ಕೌಲು ಕೇಳುವುದುಂಟು. ಪೂಜಾರಿ ದೇವಿಯ ಎರಡೂ ಭುಜಕ್ಕೆ ಹಸಿ ಹೂ ಅಂಟಿಸುತ್ತಾನೆ. ನಾವು ಪ್ರಶ್ನೆ ಹೇಳಿ ಕಾಯಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

“ಆಯಿ, ಇದು ಕೌಲ ಇದ್ದಂಗ” ಎಂದೆ. “ನಾವು ಕೇಳತೇವಿ, ಲಕೋಟಿ ಹೇಳತೈತಿ. ಡಾಕ್ಟರೂ ಅಲ್ಲ, ನಾನೂ ಅಲ್ಲ, ನೀವೂ ಅಲ್ಲ. ಯಾರ ಕೈನೂ ಅದರಾಗ ಇಲ್ಲ.”

ಆಯಿಯ ಮುಖ ಅರಳಿತು. “ಹಂಗಂತ ಮೊದಲ ಹೇಳಬಾರದೇನ್ರಿ! ಇಷ್ಟೊತ್ತು ಏನೇನೋ ಹೇಳಾಕತ್ತಾರ ಇವರು.”

ಡಾಕ್ಟರು ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ನಾನು ಸೆರಗಿನ ಗಂಟು ಬಿಚ್ಚಿ, ಕಪಾಟು ತೆಗೆದು, ಮುಂದಿನ ಅಂಕಿಯ ಲಕೋಟೆಯನ್ನು ತಂದು ಮೇಜಿನ ಮೇಲಿಟ್ಟೆ. ಆಯಿ ಎದ್ದು ಹೋಗಿ ನಲ್ಲಿಯಲ್ಲಿ ಕೈಕಾಲು ತೊಳೆದು ಬಂದಳು. ನಾನು ತಡೆಯುವುದರೊಳಗೆ ಚೀಲದಿಂದ ವಿಭೂತಿ ತೆಗೆದು ಲಕೋಟೆಗೆ ಮೂರು ಗೆರೆ ಎಳೆದು ಕೈಮುಗಿದಳು. ಮುಂದೆ ಮುಂಬೈಯಿಂದ ತಪಾಸಣೆಗೆ ಬಂದವರು ಆ ಲಕೋಟೆಯನ್ನು ಬೆಳಕಿಗೆ ಹಿಡಿದು, ಈ ಬಿಳಿ ಕಲೆ ಏನು ಎಂದು ಬಹಳ ಹೊತ್ತು ವಿಚಾರಿಸಿದರು. ಅದು ಬೇರೆ ಕಥೆ.

ಲಕೋಟೆ ಒಡೆದೆ. ಗುಳಿಗೆ ಮಾತ್ರ. ಸೂಜಿ ಇಲ್ಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಹುಡುಗಿ ಹೋ ಎಂದು ಕುಣಿದಳು. ಅವಳಿಗೆ ಸೂಜಿ ಎಂದರೆ ಸಾವು. ಆದರೆ ಆಯಿಯ ಮುಖ ಬಾಡಿತು. ಅವಳ ಲೆಕ್ಕದಲ್ಲಿ ಸೂಜಿ ಇಲ್ಲದ್ದು ಔಷಧವೇ ಅಲ್ಲ. ನಮ್ಮ ಕಡೆ ನೆಗಡಿಯಾದರೂ ಜನ ಡಾಕ್ಟರ ಮುಂದೆ ತೋಳು ಒಡ್ಡಿ ನಿಲ್ಲುತ್ತಿದ್ದ ಕಾಲ ಅದು. ಅದಕ್ಕಿಂತ ಹೆಚ್ಚಾಗಿ, ಸೂಜಿಯ ಗುಂಪಿನವರಿಗೇ ತಿಂಗಳಿಗೆ ಐದು ದಿನ ಆ ಹಸಿವಿನ ಗುಳಿಗೆ ಇತ್ತು. ಮೊಮ್ಮಗಳ ದುಂಡು ಮುಖ ಕೈತಪ್ಪಿ ಹೋಗುತ್ತಿದೆ ಎಂದು ಅವಳಿಗೆ ಸಂಕಟ.

“ಆತು, ಇದು ಒಂದ” ಎಂದಳು ಆಯಿ. “ಇನ್ನೆರಡ ತಗೀರಿ.”

“ಇನ್ನೆರಡು ಏನು?”

“ಕೌಲ ಮೂರು ಸಲ ಕೇಳೂದು. ನಿಮಗ ಗೊತ್ತಿಲ್ಲೇನ? ನೀವ ಅಂದ್ರೆಲ್ಲ, ಕೌಲ ಇದ್ದಂಗ ಅಂತ.”

ಹೌದು, ಅಲ್ಲಿ ಮೂರು ಸಲ ಕೇಳುವ ಪದ್ಧತಿ ಇದೆ. ನಾನೇ ತಂದಿಟ್ಟ ಉಪಮೆ ನನ್ನ ಕೊರಳಿಗೇ ಸುತ್ತಿಕೊಂಡಿತು. ಡಾಕ್ಟರ ಮೆಚ್ಚುಗೆಯ ನೋಟ ಎಲ್ಲಿಗೆ ಹೋಯಿತೋ.

ಡಾಕ್ಟರು ಸಮಾಧಾನ ಹೇಳಿದರು. ಈ ಪರೀಕ್ಷೆಯಲ್ಲಿ ಇರಲೇಬೇಕೆಂಬ ಒತ್ತಾಯವಿಲ್ಲ, ಬಿಟ್ಟರೂ ಮಗುವಿಗೆ ಚಿಕಿತ್ಸೆ ನಿಲ್ಲುವುದಿಲ್ಲ, ಆದರೆ ಬಿಟ್ಟರೂ ಸಿಗುವುದು ಇದೇ ಗುಳಿಗೆ. ಸೂಜಿ ಎಂಬುದು ಹೊಸ ಸೇರ್ಪಡೆ, ಅದರಿಂದ ಲಾಭವಿದೆಯೋ ಬರೀ ನೋವೋ ಇನ್ನೂ ನೋಡಬೇಕಾಗಿದೆ. ಅಪ್ಪ ಹೂಂ ಎಂದ. ಆಯಿ ಹೂಂ ಎನ್ನಲಿಲ್ಲ. ಬಾಗಿಲಿನಾಚೆಯ ಮಂಚದಲ್ಲಿ ವಡಗಾವಿಯ ಮಗ್ಗದ ಮನೆಯ ಹೆಣ್ಣುಮಗಳೊಬ್ಬಳು ತನ್ನ ಮಗನನ್ನು ಮಲಗಿಸಿಕೊಂಡು ಕೂತಿದ್ದಳು. ಅವರ ಲಕೋಟೆಯಲ್ಲಿ ಸೂಜಿ ಬಂದಿತ್ತು. ಅವಳು ಎದ್ದು ಬಂದು, “ನಮ್ಮ ಪೋರ ಸೂಜಿ ಅಂದ್ರ ಊರ ಒಂದ ಮಾಡತಾನ್ರಿ. ಆಯಿ, ನಿಮ್ಮ ಚೀಟಿ ನಮಗ ಕೊಡ್ರಿ, ನಮ್ಮದು ನೀವು ತಗೋರಿ. ನಮ್ಮ ನಮ್ಮೊಳಗ ಆಗಿಹೋಗತೈತಿ” ಎಂದಳು. ಬಸ್ಸಿನಲ್ಲಿ ಕಿಟಕಿಯ ಜಾಗ ಬಿಟ್ಟುಕೊಡುವಷ್ಟು ಸಲೀಸಾಗಿ ಹೇಳಿದಳು. ಇಬ್ಬರೂ ಒಪ್ಪಿ ತಲೆಯಾಡಿಸಿಯೂ ಆಯಿತು.

ಆಗ ನನಗೆ ಬಂದ ಸಿಟ್ಟು! “ಇದೇನ ಸಂತ್ಯಾಗಿನ ಬದನೀಕಾಯಿ ಏನ್ರಿ, ಅದಲುಬದಲು ಮಾಡಾಕ?” ಎಂದು ಕೂಗಿದೆ. ಕಪಾಟಿಗೆ ಬೀಗ ಜಡಿದು ಅದಕ್ಕೆ ಬೆನ್ನು ಕೊಟ್ಟು ನಿಂತೆ. ಆಯಿ ಬೈದಳು. ಬೇಡಿಕೊಂಡಳು. ಇನ್ನೊಂದೇ ಒಂದು, ನಿನ್ನ ಕಾಲಿಗೆ ಬೀಳತೇನಿ ಎಂದಳು. ನಾನು ಜಗ್ಗಲಿಲ್ಲ. ಕೊನೆಗೆ ಅವಳು ಡಾಕ್ಟರು ಕೊಟ್ಟಿದ್ದ ಗುಳಿಗೆಯ ಬಾಟ್ಲಿಯನ್ನು ನನ್ನ ಮೇಜಿನ ಮೇಲೆ ಟಕ್ಕೆಂದು ಇಟ್ಟು, ಹುಡುಗಿಯ ಕೈ ಹಿಡಿದು ಹೊರಟೇಬಿಟ್ಟಳು. “ನೀ ಕೇಳಾಕ ಬಿಡದಿದ್ರ ನಾ ನನ್ನ ದೇವೀನ ಕೇಳತೇನಿ.” ಅಪ್ಪ ಟೊಪ್ಪಿಗೆ ಹಾಕಿಕೊಂಡು ಹಿಂದೆ ನಡೆದ. ಹುಡುಗಿ ಮಾತ್ರ ಬಾಗಿಲವರೆಗೂ ತಿರುತಿರುಗಿ ಬಾಟ್ಲಿಯನ್ನು ನೋಡುತ್ತ ಹೋದಳು.

“ಒಂದು ವಾರದೊಳಗೆ ಶುರುವಾಗಬೇಕು” ಎಂದರು ಡಾಕ್ಟರು. “ರೋಗ ಕಾಣುತ್ತಿಲ್ಲ ಎಂದರೆ ಹೋಗಿದೆ ಎಂದಲ್ಲ. ತಡವಾದರೆ ಮರಳಿ ಬಂದೀತು. ಮರಳಿ ಬಂದರೆ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ.”

ಮಂಗಳವಾರ ಅವರ ಮನೆಗೆ ಅಂಚೆ ಕಾರ್ಡು ಬರೆದು ಹಾಕಿದೆ. ಗುರುವಾರ ಇಲ್ಲ, ಶುಕ್ರವಾರ ಇಲ್ಲ. ಬಾಟ್ಲಿ ನನ್ನ ಮೇಜಿನ ಮೇಲೆಯೇ ಇತ್ತು. ಕಣ್ಣೆತ್ತಿದರೆ ಅದೇ. ಕುಂಟೆಬಿಲ್ಲೆಯ ಗೆಳತಿ ಮತ್ತೆ ಮತ್ತೆ ನೆನಪಾಗತೊಡಗಿದಳು. ಜಾಣತನ ತೋರಿಸಲು ಹೋಗಿ ನಾನೇ ಈ ಮಗುವನ್ನು ಕಳೆದೆನೇನೋ ಎನಿಸುತ್ತಿತ್ತು. ಶನಿವಾರ ಅರ್ಧ ದಿನ ರಜೆ ಹಾಕಿ, ಬಾಟ್ಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಖಾನಾಪುರದ ಬಸ್ಸು ಹತ್ತಿದೆ.

ಭಟ್ಟಿಯ ಹತ್ತಿರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಣಗಲು ಹರವಿದ ಹಂಚುಗಳ ನಡುವೆ ಹುಡುಗಿ ತಲೆಗೆ ವಸ್ತ್ರ ಕಟ್ಟಿಕೊಂಡು ಮಣ್ಣಿನ ಸಣ್ಣ ಗಡಿಗೆ ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿದ್ದೇ ಓಡಿಬಂದು, “ಅಕ್ಕಾ, ಗುಳಿಗಿ ತಂದೀರೇನ್ರಿ?” ಎಂದು ಪಿಸುಗುಟ್ಟಿದಳು. ಅವಳಿಗೆ ಗೊತ್ತಿತ್ತು. ಗುಳಿಗೆ ನುಂಗಿದರೆ ಸೂಜಿ ತಪ್ಪುತ್ತದೆ.

ಆಯಿ ಬಾಗಿಲಿಗೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ, “ಒಳಗ ಬರ್ರಿ, ಕುಂದರ್ರಿ. ಮೊದಲ ಊಟ, ಆಮ್ಯಾಲೆ ಜಗಳಾ” ಎಂದಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಆ ಪಲ್ಯ ಬಡಿಸುವಾಗ, “ಸಂತ್ಯಾಗಿಂದ ಬದನೀಕಾಯಿ, ತಿಂತೀರೆಲ್ಲ?” ಎಂದು ಕೇಳಿದಳು. ನಾನು ತಲೆ ತಗ್ಗಿಸಿ ತಿಂದೆ. ಬಲು ರುಚಿಯಾಗಿತ್ತು.

ದೇವಿಯ ಗುಡಿಯಲ್ಲಿ ಇನ್ನೂ ಕೇಳಿರಲಿಲ್ಲ. ಪೂಜಾರಿ ನಂದಗಡಕ್ಕೆ ಮದುವೆಗೆ ಹೋದವನು ಅಂದೇ ಬೆಳಿಗ್ಗೆ ಬಂದಿದ್ದ. ಊಟವಾದ ಮೇಲೆ ನಾವು ಮೂವರೂ ಹೊರಟೆವು. ರಸ್ತೆಯ ಬಾಜುವಿನ ಸಣ್ಣ ಗುಡಿ, ಹಿಂದೆ ಒಂದು ಬಾವಿ. ಆಯಿ ಮೊಮ್ಮಗಳ ಕೈಕಾಲು ತೊಳೆಸಲು ಬಾವಿಯ ಕಡೆ ಹೋದಳು. ಒಳಗೆ ನಾನು ಮತ್ತು ಪೂಜಾರಿ ಇಬ್ಬರೇ. ನೆರೆತ ಮೀಸೆಯ, ನಿಧಾನದ ಮನುಷ್ಯ. ತಟ್ಟೆಯಲ್ಲಿ ಅಬ್ಬಲಿಗೆ ಹೂ ಆರಿಸುತ್ತಿದ್ದ.

“ಏನ ಕೇಳೂದೈತ್ರಿ?” ಎಂದ.

“ಕೂಸಿಗೆ ಈ ಗುಳಿಗಿ ಕೊಡೂದೋ ಬ್ಯಾಡೋ ಅಂತ.”

ಅವನು ಹೂವನ್ನು ನೀರಿಗೆ ಅದ್ದಿದ. ನಾನು ಆ ಒದ್ದೆ ಹೂವನ್ನೇ ನೋಡಿದೆ. ಎಡಗಡೆಯದು ಬಿದ್ದರೆ? ಒಂದು ಹನಿ ನೀರು ಹೆಚ್ಚೋ ಕಡಿಮೆಯೋ ಆದರೆ ಒಂದು ಮಗು ಹೋಗುವುದೇ? ಸೋಮವಾರದಿಂದ ಇಲ್ಲಿಯವರೆಗೆ ನಾನು ಬಿಡದೆ ಹಿಡಿದಿದ್ದ ನೇಮ, ನನ್ನ ಅರಗಿನ ಮುದ್ರೆ, ನನ್ನ ಕೆಂಪು ಗೆರೆ, ಎಲ್ಲ ಆ ಹೊತ್ತಿಗೆ ಎಲ್ಲಿ ಹೋದವೋ ಗೊತ್ತಿಲ್ಲ. ನಾನು ಮುಂದೆ ಬಾಗಿ, “ಕಾಕಾ, ಬಲಗಡಿದು ಬಿದ್ರ ಛಲೋ ಆಕ್ಕಿತ್ತು. ಎಡಗಡಿದು ಸ್ವಲ್ಪ ಗಟ್ಟಿ ಹಚ್ಚ್ರಿ” ಎಂದುಬಿಟ್ಟೆ.

ಪೂಜಾರಿ ಕೈ ನಿಲ್ಲಿಸಿದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಹೂವಿನ ತಟ್ಟೆ ಕೆಳಗಿಟ್ಟು, ತಂಬಿಗೆ ತೆಗೆದುಕೊಂಡು ಬಾವಿಯ ಕಡೆ ನಡೆದ. ನಾನು ನಾಚಿಕೆಯಿಂದ ಕುಗ್ಗಿಹೋದೆ. ಸಿಟ್ಟಾದ, ಹೊರಗೆ ಹೋಗು ಎನ್ನುತ್ತಾನೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನೀರು ತಂದು, ಏನೂ ನಡೆದೇ ಇಲ್ಲ ಎಂಬಂತೆ ಹೂ ಅದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸಿದ. ಯಾವುದನ್ನು ಗಟ್ಟಿಯಾಗಿ ಒತ್ತಿದ, ಯಾವುದನ್ನು ಇಲ್ಲ, ನನಗೆ ತಿಳಿಯಲಿಲ್ಲ.

ಆಯಿ ಬಂದು ಕೂತಳು. ಹುಡುಗಿ ಅವಳ ತೊಡೆಯ ಮೇಲೆ. ಆಯಿ ಅಂದು ಗಟ್ಟಿಯಾಗಿ ಪ್ರಶ್ನೆ ಹೇಳಲಿಲ್ಲ, ತುಟಿಯಷ್ಟೇ ಅಲ್ಲಾಡಿತು. ನಾವು ಕಾದೆವು. ಹೊರಗೆ ಒಂದು ಲಾರಿ ಹೋಯಿತು. ಹುಡುಗಿ ಒಂದು ಸೀನು ಸೀನಿದಳು. ನಾನು ಎಡಗಡೆಯ ಹೂವನ್ನೇ ದಿಟ್ಟಿಸುತ್ತಿದ್ದೆ, ನೋಟದಿಂದಲೇ ಅದನ್ನು ಅಲ್ಲಿ ನಿಲ್ಲಿಸುವವಳಂತೆ. ಹಾಗಾಗಿ ಬಲಗಡೆಯದು ಬಿದ್ದದ್ದನ್ನು ನಾನು ನೋಡಲೇ ಇಲ್ಲ. “ಬಿತ್ತು!” ಎಂದು ಹುಡುಗಿ ಕಿರುಚಿದಾಗಲೇ ಗೊತ್ತಾದದ್ದು.

ಆಯಿ ಕೈಚಾಚಿದಳು. “ಕೊಡ ತಂಗಿ ಆ ಬಾಟ್ಲಿ.” ಗುಡಿಯ ಕಟ್ಟೆಯ ಮೇಲೆಯೇ, ಬಾವಿಯ ನೀರಿನಲ್ಲಿ, ಹುಡುಗಿ ಮೊದಲ ಗುಳಿಗೆ ನುಂಗಿದಳು. ನುಂಗಿದ ಮೇಲೆ ಬಾಯಿ ಅಗಲ ತೆರೆದು ನನಗೆ ತೋರಿಸಿದಳು, ವಾರ್ಡಿನಲ್ಲಿ ನರ್ಸ್‌ಗಳಿಗೆ ತೋರಿಸುವ ಹಾಗೆ. ನನಗೆ ಅಳು ಬಂತು. ಧೂಪದ ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ.

ಸೋಮವಾರ ಹುಡುಗಿಯ ದಾಖಲೆಯ ಕಾರ್ಡಿನಲ್ಲಿ ಗುಳಿಗೆ ಶುರುವಾದ ದಿನಾಂಕ ಬರೆದೆ. ಲಕೋಟೆ ಒಡೆದ ದಿನವೇ ಶುರುವಾಗದಿದ್ದರೆ ಕಾರಣ ಎಂದು ಒಂದು ಕಾಲಮ್ ಇತ್ತು. ಏನು ಬರೆಯಲಿ ಎಂದು ಡಾಕ್ಟರನ್ನು ಕೇಳಿದೆ. ಪೂಜಾರಿಗೆ ಹೇಳಿದ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ್ದೆ. ಅವರು ಕನ್ನಡಕ ತೆಗೆದು ನಕ್ಕು, “ಮನೆಯವರು ಹಿರಿಯರ ಸಲಹೆ ಪಡೆದರು ಎಂದು ಬರೆಯಿರಿ. ಸುಳ್ಳೇನಲ್ಲವಲ್ಲ” ಎಂದರು.

ಆಮೇಲೆ ಮೂರು ವರ್ಷ ಆಯಿ ಒಂದು ತಾರೀಖು ತಪ್ಪಿಸಲಿಲ್ಲ. ತಿಂಗಳಿಗೊಮ್ಮೆ ಖಾನಾಪುರದ ಮೊದಲ ಬಸ್ಸಿಗೆ ಮೊಮ್ಮಗಳ ಜೊತೆ ಇಳಿಯುತ್ತಿದ್ದಳು. ರಕ್ತ ತಪಾಸಣೆ ಮುಗಿಯುವವರೆಗೆ ವಾರ್ಡಿನಲ್ಲೆಲ್ಲ ಓಡಾಡಿ ಯಾರ ಮಗುವಿಗೆ ಏನಾಗಿದೆ ಎಂದು ವಿಚಾರಿಸುತ್ತಿದ್ದಳು. ಹುಡುಗಿಯ ಕೂದಲು ಮತ್ತೆ ಬಂದಿತು, ಮೊದಲಿಗಿಂತ ಗುಂಗುರಾಗಿ. ಮುಖ ದುಂಡಗಿರಲಿಲ್ಲ, ಆದರೆ ಎತ್ತರವಾದಳು, ಬಾಯಿ ಜೋರಾಯಿತು. ವಡಗಾವಿಯ ಹುಡುಗನೂ ತಿಂಗಳು ತಿಂಗಳು ಊರು ಒಂದು ಮಾಡಿ ಸೂಜಿ ಹಾಕಿಸಿಕೊಳ್ಳುತ್ತಿದ್ದ. ಅವನೂ ಚೆನ್ನಾಗಿದ್ದ. ಸೂಜಿಯ ದಿನ ಇವಳು ಅವನ ಮುಂದೆ ನಿಂತು ತನ್ನ ಗುಳಿಗೆಯ ಬಾಟ್ಲಿ ಅಲ್ಲಾಡಿಸಿ ಕೆಣಕುತ್ತಿದ್ದಳು; ನಾನು ಅವಳ ಕಿವಿ ಹಿಂಡಿ ಹೊರಗೆ ಕಳಿಸುತ್ತಿದ್ದೆ.

ಹೊಸದಾಗಿ ಬಂದ ಮನೆಯವರಿಗೆ ಲಕೋಟೆಯ ವಿಷಯ ತಿಳಿಸುವ ಕೆಲಸ ಮೆಲ್ಲಗೆ ಆಯಿಯ ಕೈಗೇ ಹೋಯಿತು. ಡಾಕ್ಟರು ತಮ್ಮ ಪಠ್ಯಪುಸ್ತಕದ ಮಾತು ಮುಗಿಸಿದ ಮೇಲೆ ಆಯಿ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದಳು, “ನೋಡ್ರಿ, ಇದು ಕೌಲ ಇದ್ದಂಗ. ಆದ್ರ ಒಂದ ಸಲ ಕೇಳೂದು. ಇನ್ನೊಂದು ಕೇಳಿದ್ರ ಈ ದವಾಖಾನಿ ಬಾಯಿ ಬೀಗ ಹಾಕಿ ಕಪಾಟಿಗೆ ಬೆನ್ನ ಕೊಟ್ಟ ನಿಂದರತಾಳ. ಆನಿ ಬಂದ್ರೂ ಸರಿಯೂದಿಲ್ಲ.” ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು. ನಾನು ರಜಿಸ್ಟರಿನಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದೆ. ಆದರೆ ಸೀದಾ ಹೇಳಬೇಕೆಂದರೆ, ಆಯಿ ನನ್ನ ಪ್ರಾಮಾಣಿಕತೆಯನ್ನು ಹೀಗೆ ಹೊಗಳಿದಾಗಲೆಲ್ಲ ನನಗೆ ಗುಡಿಯಲ್ಲಿ ಆಡಿದ ಮಾತು ಚುಚ್ಚುತ್ತಿತ್ತು. ಎಷ್ಟೋ ಸಲ ಹೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂದದ್ದುಂಟು. ಹೇಳಿದರೆ ಗುಳಿಗೆ ನಿಲ್ಲಿಸಿಬಿಟ್ಟಾಳು ಎಂದು ನುಂಗಿಕೊಳ್ಳುತ್ತಿದ್ದೆ.

ಗುಳಿಗೆ ನಿಲ್ಲಿಸುವ ದಿನ ಬಂತು. ಕೊನೆಯ ಮಜ್ಜೆಯ ಪರೀಕ್ಷೆ ಸ್ವಚ್ಛ. ಇನ್ನು ಗುಳಿಗೆ ಬೇಡ, ಆಗಾಗ ಬಂದು ತೋರಿಸಿ ಹೋದರೆ ಸಾಕು ಎಂದರು ಡಾಕ್ಟರು. ಹುಡುಗಿಗೆ ಆಗ ಹನ್ನೊಂದು ದಾಟಿತ್ತು. ಅವಳು ಖಾಲಿ ಬಾಟ್ಲಿಯನ್ನು ತಾನೇ ತಂದು ನನ್ನ ಮೇಜಿನ ಮೇಲೆ ಟಕ್ಕೆಂದು ಇಟ್ಟಳು. ಮೂರು ವರ್ಷದ ಹಿಂದೆ ಅವಳ ಅಜ್ಜಿ ಇಟ್ಟ ಅದೇ ಜಾಗದಲ್ಲಿ. ನಾನು ಕಾರ್ಡು ಮುಗಿಸಿ, ಕೆಳಗೆ ಕೆಂಪು ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆದೆ. ಜೀವನದಲ್ಲಿ ಅಷ್ಟು ನೆಟ್ಟಗೆ ಗೆರೆ ನಾನು ಎಳೆದದ್ದಿಲ್ಲ.

ಆಮೇಲೆ ಆಯಿಯನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದೆ. “ಆಯಿ, ನಿಮಗ ಒಂದು ಮಾತ ಹೇಳೂದೈತಿ. ಅವತ್ತ ಗುಡಿಯಾಗ ನಾ ಪೂಜಾರಿಗೆ…”

“ಬಲಗಡಿದು ಬೀಳಲಿ ಅಂತ ಹೇಳಿದಿ” ಎಂದಳು ಆಯಿ, ಎಲೆಗೆ ಸುಣ್ಣ ಹಚ್ಚುತ್ತ.

“ನಿಮಗ ಹೆಂಗ ಗೊತ್ತ್ರಿ?” ಎಂದೆ.

“ಪೂಜಾರಿ ನನ್ನ ತವರಮನಿ ಕಡಿ ತಮ್ಮ. ತಂಬಗಿ ತಗೊಂಡು ಬಾವಿಗೆ ಬಂದವ್ನ, ‘ಯಕ್ಕಾ, ಆ ದವಾಖಾನಿ ಬಾಯಿ ಹಿಂಗಂದ್ಲು, ಏನ ಮಾಡ್ಲಿ?’ ಅಂತ ಕೇಳಿದ. ನೀ ಇದ್ದಂಗ ಹಚ್ಚು, ಕೈ ಹಾಕಬ್ಯಾಡ ಅಂದೆ ನಾನು.”

“ಮತ್ತ ನಿಮಗ ಸಿಟ್ಟು ಬರಲಿಲ್ಲೇನ್ರಿ?”

ಆಯಿ ಎಲೆ ಮಡಚಿ ಬಾಯಿಗಿಟ್ಟುಕೊಂಡು ನನ್ನ ಕಡೆ ತಿರುಗಿದಳು. “ಇನ್ನೊಂದು ಲಕೋಟಿ ತಗೀ ಅಂತ ನಿನಗ ಬೈದೆ, ಬೇಡಕೊಂಡೆ, ಕಾಲಿಗೆ ಬೀಳತೇನಿ ಅಂದೆ. ನೀ ಬೀಗ ತಗೀಲಿಲ್ಲ. ಅಂಥಾಕಿ ನಮ್ಮ ಕೂಸಿನ ಸಲುವಾಗಿ ದೇವೀ ಮುಂದ ಖೋಟಾ ಮಾಡಾಕ ತಯಾರಾದಿ. ಅದನ್ನ ಕೇಳಿದ ಮ್ಯಾಲ ನಾ ದೇವೀನ ಇನ್ನೇನ ಕೇಳ್ಲಿ? ಬಾವಿ ಕಟ್ಟೀ ಮ್ಯಾಲ ನಿಕ್ಕಿ ಆತು, ಗುಳಿಗಿ ಕೊಡೂದು ಅಂತ. ಒಳಗ ಬಂದು ಬರೇ ಕೈಮುಗದು ಕುಂತೆ.”

ಕಣ್ಣು ಮಂಜಾಯಿತು. ಈ ಸಲ ಧೂಪದ ಹೊಗೆ ಎಂದು ಹೇಳಲು ಅಲ್ಲಿ ಧೂಪವೂ ಇರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು, “ಎಡಗಡಿದು ಬಿದ್ದಿದ್ರ ಏನ ಮಾಡತಿದ್ರಿ?” ಎಂದು ಕೇಳಿದೆ.

ಆಯಿ ಎದ್ದು ಸೀರೆ ಕೊಡವಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಮೊಮ್ಮಗಳನ್ನು ಕೂಗಿದಳು.

“ಕೌಲ ಮೂರು ಸಲ ಕೇಳೂದು ಅಂತ ನಿನಗ ಅವತ್ತ ಹೇಳಿದ್ದಿಲ್ಲೇನ?”